ಕಂಠದಾನ, ವಿದ್ಯಾದಾನ ಮತ್ತು ಹದಿನೆಂಟು ಪರ್ಸೆಂಟ್ ಜಿಎಸ್‌ಟಿ

ನಮ್ಮ ಮನೆಗೂ ಟೀಚರ್ ಮನೆಗೂ ನಡುವೆ ಮೊದಲು ಆರಡಿ ಎತ್ತರದ ಕಾಂಪೌಂಡ್ ಗೋಡೆ ಇತ್ತು. 2018ರಲ್ಲಿ ಕಾವೇರಿ ಬಡಾವಣೆಯೊಳಗೇ ನುಗ್ಗಿದಾಗ ಅದು ಬಿರುಕು ಬಿಟ್ಟಿತು. 2019ರಲ್ಲಿ ಮತ್ತೆ ನುಗ್ಗಿದಾಗ ಮಲಗಿಯೇಬಿಟ್ಟಿತು. ಕುಶಾಲನಗರದ ಹೊಳೆಬದಿಯವರಿಗೆ ಇದೇನು ಹೊಸ ಕತೆಯಲ್ಲ. ಮತ್ತೆ ಗೋಡೆ ಕಟ್ಟೋಣವೆಂದರೆ ದುಡ್ಡಿಲ್ಲ. ಕಟ್ಟಿದರೂ ಹೊಳೆ ಮೂರನೇ ಸಲ ಬರುವುದಿಲ್ಲ ಅನ್ನುವ ಧೈರ್ಯವಿಲ್ಲ. ಇಬ್ಬರೂ ಸೇರಿ ದಾಸವಾಳದ ಕಡ್ಡಿ ನೆಟ್ಟು ಬೇಲಿ ಮಾಡಿಕೊಂಡೆವು. ಗೋಡೆ ಇದ್ದಷ್ಟು ವರ್ಷ ನಮ್ಮ ನಡುವೆ ನಡೆದ ಮಾತೆಂದರೆ "ನಿಮ್ಮ ತೆಂಗಿನ ಗರಿ ನಮ್ಮ ಕಡೆ ಬಿದ್ದಿದೆ" ಅನ್ನುವಷ್ಟು. ಬೇಲಿ ಬಂದ ಮೇಲೆ ಬೆಳಗಿನ ಎರಡನೇ ಲೋಟ ಕಾಫಿ ಅಲ್ಲೇ ಮುಗಿಯುತ್ತದೆ. ನೆರೆ ಬಂದ ಮೇಲೇ ನಾವು ನೆರೆಹೊರೆಯಾದದ್ದು ಅಂತ ಟೀಚರ್ ಆಗಾಗ ತಮಾಷೆ ಮಾಡುತ್ತಾರೆ.

ಟೀಚರ್ ಅಂದರೆ ಸರ್ಕಾರಿ ಶಾಲೆಯಲ್ಲಿ ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಇಡೀ ಬೀದಿಗೆ ಅವರು ಟೀಚರ್. ಹೆಸರೇನಿದ್ದರೂ ರೇಷನ್ ಕಾರ್ಡಿಗೆ. ನಾನು ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಲೆಕ್ಕ ಬರೆಯುತ್ತಿದ್ದವನು. ಊರಿನಲ್ಲಿ ನನಗಿರುವ ಅಲ್ಪಸ್ವಲ್ಪ ಮರ್ಯಾದೆ ಮಾತ್ರ ಲೆಕ್ಕದಿಂದ ಬಂದದ್ದಲ್ಲ, ಗಂಟಲಿನಿಂದ ಬಂದದ್ದು. ಹದಿನೈದು ವರ್ಷ ಮಡಿಕೇರಿ ಆಕಾಶವಾಣಿಯಲ್ಲಿ ಹಂಗಾಮಿ ಉದ್ಘೋಷಕನಾಗಿದ್ದೆ. ಈಗಲೂ ತರಕಾರಿ ಅಂಗಡಿಯಲ್ಲಿ "ಕಾಲು ಕೆಜಿ ಬೀನ್ಸ್" ಅಂದರೆ ಯಾರಾದರೂ ತಿರುಗಿ ನೋಡುತ್ತಾರೆ. ಬೀನ್ಸಿನ ರೇಟು ಅದರಿಂದ ಇಳಿದದ್ದಿಲ್ಲ.

ಮೊನ್ನೆ ಬೆಳಗ್ಗೆ ಟೀಚರ್ ಕಾಫಿ ಲೋಟದ ಬದಲು ಮೊಬೈಲ್ ಹಿಡಿದು ಬೇಲಿ ಹತ್ತಿರ ಬಂದರು.

"ಅಣ್ಣಾ, ನಿಮ್ಮ ಗಂಟಲಿಗೆ ಈಗ ಮಾರ್ಕೆಟ್ ರೇಟ್ ಎಷ್ಟು ಗೊತ್ತಾ?"

"ಕಾಳುಮೆಣಸಿನ ರೇಟು ಕೇಳಿ ಟೀಚರ್, ಹೇಳ್ತೀನಿ. ಗಂಟಲಿನದು ಗೊತ್ತಿಲ್ಲ."

"ತಿಂಗಳಿಗೆ ಒಂದು ಲಕ್ಷ. ಮನೇಲಿ ಕೂತು. ನೋಡಿ ಇಲ್ಲಿ."

ನೋಡಿದೆ. ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿಕೊಂಡ ಒಬ್ಬರು ಮೈಕಿನ ಮುಂದೆ ನಗುತ್ತಿದ್ದಾರೆ. ಇಪ್ಪತ್ತು ವರ್ಷದ ಅನುಭವಿ ಕಂಠದಾನ ಕಲಾವಿದರು. ಮೂರು ದಿನದ ಕೋರ್ಸು, ಬೆಲೆ 14,999 ರೂಪಾಯಿ. ಅದರ ಮೇಲೊಂದು ಕೆಂಪು ಗೀಟು. ಕೆಳಗೆ 4,999. ಅದೂ ಇವತ್ತು ರಾತ್ರಿ ಹನ್ನೆರಡರವರೆಗೆ. ಸೀರೆ ಅಂಗಡಿಯ ಆಷಾಢದ ಬೋರ್ಡಿಗೂ ಇದಕ್ಕೂ ಇದ್ದ ವ್ಯತ್ಯಾಸ ಅಂದರೆ ಅಲ್ಲಿ ಸೀರೆಯನ್ನು ಮುಟ್ಟಿ ನೋಡಬಹುದು. ತೀರಾ ಕೆಳಗೆ ಇರುವೆಯಂಥ ಅಕ್ಷರದಲ್ಲಿ: ಜಿಎಸ್‌ಟಿ ಪ್ರತ್ಯೇಕ.

ನಾನು ಲೆಕ್ಕದವನಲ್ಲವೇ? ಅಲ್ಲೇ ಹಾಕಿದೆ. ಹದಿನೆಂಟು ಪರ್ಸೆಂಟ್ ಸೇರಿಸಿ 5,898 ರೂಪಾಯಿ 82 ಪೈಸೆ. ನಮ್ಮ ಭಾಷೆ ಎಷ್ಟು ಉದಾರಿ ನೋಡಿ. ಇನ್ನೊಬ್ಬರ ಮುಖಕ್ಕೆ ದನಿ ಕೊಟ್ಟರೆ ಕಂಠದಾನ ಅನ್ನುತ್ತದೆ, ಪಾಠ ಹೇಳಿಕೊಟ್ಟರೆ ವಿದ್ಯಾದಾನ ಅನ್ನುತ್ತದೆ. ಎರಡು ದಾನವೂ ಒಟ್ಟಿಗೆ ಬಂದಾಗ ರಸೀದಿ ಕೊಡುತ್ತಾರೆ ಅಂತ ನಿಘಂಟು ಬರೆದವರಿಗೆ ಹೊಳೆದಿರಲಿಲ್ಲ.

"ಯಾರಿಗೆ ಇದು? ನಿಮಗಾ?"

"ನನಗ್ಯಾಕೆ? ಮಗಳಿಗೆ."

ಮಗಳು ಬಿಕಾಂ ಮುಗಿಸಿ, ಊರಾಚೆಯ ಒಂದು ರೆಸಾರ್ಟಿನ ಫ್ರಂಟ್ ಆಫೀಸಿನಲ್ಲಿದ್ದಾಳೆ. ಇಡೀ ದಿನ ಫೋನಿನಲ್ಲಿ "ದುಬಾರೆ ಇಲ್ಲಿಂದ ಹತ್ತಿರ ಸರ್, ಗೋಲ್ಡನ್ ಟೆಂಪಲ್ ಬೈಲುಕುಪ್ಪೆಯಲ್ಲಿದೆ ಸರ್" ಅನ್ನುವುದು ಅವಳ ಕೆಲಸ. ದನಿ ಚೆನ್ನಾಗಿದೆ, ಸುಳ್ಳು ಹೇಳಬಾರದು. ಕಳೆದ ವರ್ಷ ಬೆಂಗಳೂರಿಗೆ ಹೋಗಿ ಮೆಟ್ರೋದಲ್ಲಿ ಕೂತಾಗ ಅಪರ್ಣಾ ಅವರ ದನಿ ಕೇಳಿ ಇವಳಿಗೆ ಹುಚ್ಚು ಹತ್ತಿತಂತೆ. ಅಪರ್ಣಾ ತೀರಿಕೊಂಡದ್ದು 2024ರ ಜುಲೈ 11ಕ್ಕೆ. ಅವರು ಹೋದ ಮೇಲೂ ಆ ದನಿ ಮುಂದಿನ ನಿಲ್ದಾಣ ಯಾವುದೆಂದು ಹೇಳುತ್ತಲೇ ಇತ್ತು. ಅದನ್ನು ಕೇಳಿದ ಯಾವ ಹುಡುಗಿಗಾದರೂ ಮನಸ್ಸು ಎಳೆಯದೆ ಇರುತ್ತದೆಯೇ? ಆದರೆ ಅಪರ್ಣಾ ಮೂರು ದಿನದಲ್ಲಿ ಅಪರ್ಣಾ ಆದವರಲ್ಲ. ಪುಟ್ಟಣ್ಣನವರ 'ಮಸಣದ ಹೂವು' ಸಿನಿಮಾಕ್ಕೆ ಬಂದವರು, ಆಮೇಲೆ ದೂರದರ್ಶನ, ಆಕಾಶವಾಣಿ, ವೇದಿಕೆ ಅಂತ ದಶಕಗಟ್ಟಲೆ ಕನ್ನಡದ ಒಂದೊಂದು ಅಕ್ಷರವನ್ನೂ ತೂಗಿ ಆಡಿದವರು. ಇಷ್ಟನ್ನು ನಾನು ಬೇಲಿ ಮೇಲಿಂದ ಹೇಳಿದೆ. ಟೀಚರ್ ಬಿಡಲಿಲ್ಲ.

"ಅಲ್ಲ ಅಣ್ಣಾ, ನೀವೂ ಎಲ್ಲೋ ಕಲಿತೇ ಅಲ್ವಾ ಹೋಗಿದ್ದು?"

ಅದು ಸರಿಯಾದ ಪ್ರಶ್ನೆಯೇ. ನಾನು ಕಲಿತದ್ದು ಬೈಸಿಕೊಂಡು. ದನಿ ಪರೀಕ್ಷೆ ಆಯಿತು, ಪಾಸಾದೆ. ಆಕಾಶವಾಣಿಯಲ್ಲಿ 'ವಾಣಿ' ಅಂತ ಒಂದು ತರಬೇತಿ ಉಂಟು, ಆಮೇಲೆ ಒಂದು ಸರ್ಟಿಫಿಕೇಟು. ಅದನ್ನು ಮುಗಿಸಿದ ಹುಮ್ಮಸ್ಸಿನಲ್ಲಿ ಮೊದಲ ತಿಂಗಳು ಮಾರುಕಟ್ಟೆ ಧಾರಣೆ ಓದಲು ಕೂತೆ. ಅಕ್ಕಿ ಧಾರಣೆ ಅನ್ನುವ ಬದಲು ಹಕ್ಕಿ ಧಾರಣೆ ಅಂದುಬಿಟ್ಟೆ. ಹಕಾರ ತಪ್ಪೀತು ಅಂತ ಹೆದರಿ ಹೆದರಿ, ಬೇಡದ ಕಡೆ ಹಾಕಿದ್ದು. ವಾರದ ನಂತರ ಒಬ್ಬ ಕೃಷಿಕರಿಂದ ಕಾರ್ಡು ಬಂತು: "ಕ್ವಿಂಟಾಲಿಗೆ ತೂಗುವ ಹಕ್ಕಿ ಯಾವುದು, ದಯವಿಟ್ಟು ತಿಳಿಸುವುದು. ನಮ್ಮ ಗದ್ದೆಯಲ್ಲಿ ಬೇಕಾದಷ್ಟಿವೆ." ನಮ್ಮ ಹಿರಿಯ ಉದ್ಘೋಷಕರು ಆ ಕಾರ್ಡನ್ನು ನನ್ನ ಕೈಗೆ ಕೊಟ್ಟರು, ಒಂದು ಮಾತೂ ಆಡಲಿಲ್ಲ. ಅದಕ್ಕಿಂತ ದೊಡ್ಡ ಕೋರ್ಸು ನಾನು ಮಾಡಿಲ್ಲ.

ಸಂಪಾದನೆಯ ಮಾತು ಬಂದರೆ, ಹಂಗಾಮಿ ಉದ್ಘೋಷಕರಿಗೆ ತಿಂಗಳಿಗೆ ಹೆಚ್ಚೆಂದರೆ ಆರು ಡ್ಯೂಟಿ. ಬೆಳಗಿನ ಪ್ರಸಾರ ಸಿಕ್ಕಿದರೆ ಹಿಂದಿನ ರಾತ್ರಿಯೇ ಸುಂಟಿಕೊಪ್ಪ ದಾಟಿ ಮಡಿಕೇರಿಗೆ ಹೋಗಿ ಉಳಿಯಬೇಕು. ಮಳೆಗಾಲದಲ್ಲಿ ಗಂಟಲು ಕಟ್ಟಿದರೆ ಕಾಳುಮೆಣಸಿನ ಕಷಾಯ. ಬಸ್ಸು, ಊಟ, ಕಷಾಯ ಕಳೆದು ಉಳಿದದ್ದರಲ್ಲಿ ಮನೆಯವಳಿಗೆ ವರ್ಷಕ್ಕೊಂದು ಸೀರೆ ತಂದದ್ದಿದೆ. ಹೊಟ್ಟೆ ತುಂಬಿಸಿದ್ದು ಕಾಫಿ ಬೀಜದ ಲೆಕ್ಕ, ಎದೆ ತುಂಬಿಸಿದ್ದು ಮೈಕು. ಇದನ್ನು ನಾನು ಗೋಳು ಅಂತ ಹೇಳುತ್ತಿಲ್ಲ. ಗೊತ್ತಿದ್ದೇ ಹೋಗಿದ್ದೆ.

"ಅದು ನಿಮ್ಮ ಕಾಲ. ಈಗ ಡಬ್ಬಿಂಗ್ ಎಲ್ಲಾ ಬಂದಿದೆಯಂತಲ್ಲ?" ಅಂದರು ಟೀಚರ್.

ಬಂದಿರುವುದು ನಿಜ. ಕನ್ನಡದಲ್ಲಿ ದನಿಯ ಪೇಟೆ ಬಲು ತಡವಾಗಿ ಬಾಗಿಲು ತೆಗೆದದ್ದು. ಅರವತ್ತರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಮೊದಲಾದವರು ಕನ್ನಡ ಚಿತ್ರಕ್ಕೆ ಕನ್ನಡ ನಾಡಿನಲ್ಲೇ ಜಾಗವಿಲ್ಲದ ಸ್ಥಿತಿಯ ವಿರುದ್ಧ ಬೀದಿಗಿಳಿದರು. ಆ ಹೋರಾಟದ ಬಿಸಿಗೆ, 1965ರಲ್ಲಿ 'ಮಾಯಾಬಜಾರ್'ನ ಕನ್ನಡ ಅವತರಣಿಕೆ ಬಂದ ಮೇಲೆ ಪರಭಾಷೆಯ ಸಿನಿಮಾ ಕನ್ನಡದಲ್ಲಿ ಮಾತಾಡುವುದು ಹೆಚ್ಚುಕಡಿಮೆ ನಿಂತೇಹೋಯಿತು. ಯಾವ ಪುಸ್ತಕದಲ್ಲೂ ಬರೆದ ಕಾನೂನಲ್ಲ ಅದು, ಆದರೆ ಕಾನೂನಿಗಿಂತ ಗಟ್ಟಿಯಾಗಿ ಐವತ್ತು ವರ್ಷ ನಿಂತಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂತ ದಂಡ ಹಾಕಿತು. 2017ರಲ್ಲಿ ತಮಿಳಿನ ಅಜಿತ್ 'ಸತ್ಯದೇವ್ ಐಪಿಎಸ್' ಆಗಿ ಕನ್ನಡ ಮಾತಾಡಿದ. 2020ರ ಲಾಕ್‌ಡೌನಿನಲ್ಲಿ ಧಾರಾವಾಹಿಗಳ ಶೂಟಿಂಗ್ ನಿಂತಾಗ ಹಿಂದಿಯ ಮಹಾಭಾರತ ಕನ್ನಡದ ದನಿ ತೊಟ್ಟು ಮನೆಮನೆಗೆ ಬಂತು. ನಮ್ಮ ಮನೆಯಲ್ಲೂ ಶಕುನಿಯ ಕನ್ನಡ ಕೇಳಿಕೊಂಡೇ ರಾತ್ರಿಯ ಊಟ.

ಅದಕ್ಕೂ ಮೊದಲು ಕನ್ನಡದ ದನಿಯವರಿಗೆ ಇದ್ದದ್ದು ಗೇಣಗಲದ ಜಾಗ: ಕನ್ನಡ ಬಾರದ ನಾಯಕಿಗೆ ಮಾತು ಕೊಡುವುದು, ಜಾಹೀರಾತು, ಸಾಕ್ಷ್ಯಚಿತ್ರ. ರಂಗಭೂಮಿಯ ಶ್ರೀನಿವಾಸ ಪ್ರಭು ರವಿಚಂದ್ರನ್ ಅವರ ಹಲವು ಸಿನಿಮಾಗಳಲ್ಲಿ ದನಿಯಾಗಿದ್ದರು. ಹಾಡಿನ ಮಧ್ಯೆ ಕೇಳಿದ ಮಾತು ನಾಯಕನದಲ್ಲ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ದನಿಯವರ ಹಣೆಬರಹವೇ ಅದು. ಚೆನ್ನಾಗಿ ಮಾಡಿದಷ್ಟೂ ಅವರು ಕಾಣಿಸುವುದಿಲ್ಲ. ತೆಲುಗಿನ ರಾಜಶೇಖರ್‌ಗೆ ವರ್ಷಗಟ್ಟಲೆ ದನಿ ಕೊಟ್ಟ ಸಾಯಿಕುಮಾರ್ 1996ರಲ್ಲಿ 'ಪೊಲೀಸ್ ಸ್ಟೋರಿ'ಯಲ್ಲಿ ಮುಖ ತೋರಿಸಿದ ಮೇಲೇ ನಮಗೆ ಹೀರೋ ಆದದ್ದು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ಮುಖಕ್ಕೆ ಬಾರದವರು, ಐವತ್ತು ದಾಟಿ ಗಂಟಲಿನಲ್ಲಿ ಮೊದಲಿನ ಹೊಳಪಿಲ್ಲದವರು, ಹೊಸ ಹುಡುಗರು ಅರ್ಧ ರೇಟಿಗೆ ಒಪ್ಪಿಕೊಳ್ಳುವುದನ್ನು ನೋಡಿದವರು ಏನು ಮಾಡಬೇಕು? ಮೇಷ್ಟ್ರಾಗುತ್ತಾರೆ.

"ಹಾಗಾದ್ರೆ ಸೇರಿಸ್ಲಾ ಬೇಡ್ವಾ?"

"ರಾತ್ರಿ ಹನ್ನೆರಡರೊಳಗೆ ಹೇಳ್ತೀನಿ," ಅಂದೆ.

ಟೀಚರಿಗೆ ಹೇಳದೆ ಒಂದು ಕೆಲಸ ಮಾಡಿದೆ. ಅದೇ ಜನ ಸಂಜೆ ತೊಂಬತ್ತೊಂಬತ್ತು ರೂಪಾಯಿಗೆ ಎರಡು ಗಂಟೆಯ ವೆಬಿನಾರ್ ಇಟ್ಟಿದ್ದರು. ದುಡ್ಡು ಕಟ್ಟಿ, ಮಗನ ಹಳೇ ಇಯರ್‌ಫೋನ್ ಸಿಕ್ಕಿಸಿಕೊಂಡು, ಮನೆಯವಳಿಗೆ "ಪೆನ್ಷನ್ ವಿಚಾರ" ಅಂತ ಸುಳ್ಳು ಹೇಳಿ ಕೂತೆ.

ಅವರು ಬಾಯಿ ತೆರೆದ ಕೂಡಲೇ ಗೊತ್ತಾಯಿತು. ಈ ದನಿ ನಾನು ಕೇಳಿದ್ದೇನೆ. ಯಾವುದೋ ಗೊಬ್ಬರದ ಜಾಹೀರಾತು, ಯಾವುದೋ ಧಾರಾವಾಹಿಯ ಹೆಸರಿಲ್ಲದ ಮಾವ. ಕೆಲಸ ಗೊತ್ತಿರುವ ಮನುಷ್ಯ. ಮೊದಲ ಇಪ್ಪತ್ತು ನಿಮಿಷ ಅವರು ಹೇಳಿದ್ದು ಅಪ್ಪಟ ಚಿನ್ನ. ಅಲ್ಪವಿರಾಮ ಕಂಡಲ್ಲೆಲ್ಲ ಉಸಿರು ಎಳೆಯಬೇಡಿ, ಅರ್ಥ ತಿರುಗುವ ಜಾಗದಲ್ಲಿ ಎಳೆಯಿರಿ. ಮೈಕಿಗೆ ಮಾತಾಡಬೇಡಿ, ಮೈಕಿನಾಚೆ ನಿಮ್ಮ ಚಿಕ್ಕಮ್ಮ ಕೂತಿದ್ದಾರೆ ಅಂದುಕೊಳ್ಳಿ. ನಗು ಮುಖದಲ್ಲಿ ಬಂದರೆ ಮಾತ್ರ ದನಿಯಲ್ಲಿ ಬರುತ್ತದೆ. ಪರದೆ ಮೇಲಿನವನ ತುಟಿ 'ಪ' ಅಂತ ಮುಚ್ಚಿದಾಗ ನಿಮ್ಮ ವಾಕ್ಯದಲ್ಲೂ ಒಂದು ಪವರ್ಗದ ಅಕ್ಷರ ಬೀಳುವಂತೆ ಮಾತು ಹೊಂದಿಸಿಕೊಳ್ಳಬೇಕು, ಇಲ್ಲದಿದ್ದರೆ ನೋಡುವವನ ಕಣ್ಣಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ. ನಾನು ಕೈಯಲ್ಲಿದ್ದ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದುಕೊಂಡೆ. ಹದಿನೈದು ವರ್ಷದಲ್ಲಿ ನನಗೆ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಆಮೇಲೆ ಗಾಳಿ ಬದಲಾಯಿತು. "ಎಷ್ಟು ಜನಕ್ಕೆ ಆರ್ಥಿಕ ಸ್ವಾತಂತ್ರ್ಯ ಬೇಕು? ಚಾಟಿನಲ್ಲಿ ಯೆಸ್ ಅಂತ ಹಾಕಿ." ಯೆಸ್, ಯೆಸ್, ಯೆಸ್ ಅಂತ ಆಲಿಕಲ್ಲು ಸುರಿಯಿತು. ಹಳೇ ವಿದ್ಯಾರ್ಥಿಯೊಬ್ಬ ಬಂದು ತನ್ನ ಬದುಕು ಬದಲಾದದ್ದನ್ನು ಹೇಳಿದ. ಒಂದು ಗಡಿಯಾರ ಹಿಂದಕ್ಕೆ ಓಡತೊಡಗಿತು. ಮೈಕು ಯಾವುದು ಕೊಳ್ಳಬೇಕು, ಗೋಡೆಗೆ ಯಾವ ಸ್ಪಂಜು ಹಚ್ಚಬೇಕು, ಡೆಮೊ ಮಾಡಿಸಿಕೊಳ್ಳಲು ಇನ್ನೆಷ್ಟು, ಡೈಮಂಡ್ ಬ್ಯಾಚಿಗೆ ಇನ್ನೆಷ್ಟು ಅಂತ ಮೆಟ್ಟಿಲ ಮೇಲೆ ಮೆಟ್ಟಿಲು. ಅದೇ ಗಂಟಲು, ಆದರೆ ಈಗ ಅದರಲ್ಲಿ ಚಿಕ್ಕಮ್ಮ ಇರಲಿಲ್ಲ, ಗಿರಾಕಿ ಇದ್ದ. ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಬೇಜಾರು. ಒಳ್ಳೆ ಅಡುಗೆ ಭಟ್ಟ ತಾನೇ ಮಾಡಿದ ಮಸಾಲೆದೋಸೆ ಬಿಟ್ಟು ಹೋಟೆಲ್ ಇಡುವುದು ಹೇಗೆ ಅನ್ನುವ ಪುಸ್ತಕ ಮಾರುತ್ತಿರುವ ಹಾಗೆ.

ಸುಮ್ಮನಿರಲಾರದೆ ಚಾಟಿನಲ್ಲಿ ಒಂದು ಪ್ರಶ್ನೆ ಹಾಕಿದೆ. "ಸರ್, ಕಳೆದ ತಿಂಗಳು ಪಾಠ ಬಿಟ್ಟು ಬರೀ ದನಿಯಿಂದ ನಿಮಗೆ ಎಷ್ಟು ಬಂತು?" ಯೆಸ್ಸುಗಳ ಪ್ರವಾಹದಲ್ಲಿ ಅದು ನಮ್ಮ ಕಾಂಪೌಂಡಿನ ಹಾಗೆ ಕೊಚ್ಚಿಹೋಯಿತು.

ಮಾರನೇ ದಿನ ಹತ್ತು ಗಂಟೆಗೆ ಫೋನು. ಹೆಣ್ಣು ದನಿ. ಎಂಥ ದನಿ ಅಂತೀರಿ! ಒಂದೊಂದು ಅಕ್ಷರವೂ ತೊಳೆದ ಅಕ್ಕಿಯ ಹಾಗೆ ಬಿಡಿಬಿಡಿ. ಳಕಾರ ಳಕಾರವೇ, ಷಕಾರ ಷಕಾರವೇ. "ನಮಸ್ಕಾರ ಸರ್, ನಿನ್ನೆಯ ವೆಬಿನಾರ್ ಹೇಗನ್ನಿಸಿತು? ತಮಗಾಗಿ ಆಫರ್ ಇನ್ನೂ ಒಂದು ದಿನ ವಿಸ್ತರಿಸಿದ್ದೇವೆ."

"ಆಫರ್ ಇರ್ಲಿ ಕಣಮ್ಮಾ. ನಿನ್ನ ದನಿ ಇಷ್ಟು ಚೆನ್ನಾಗಿದೆಯಲ್ಲ, ನೀನು ಈ ಕೋರ್ಸ್ ಮಾಡಿದ್ದೀಯಾ?"

"ಮಾಡಿದ್ದೀನಿ ಸರ್. ಮೊದಲನೇ ಬ್ಯಾಚು. ಡೈಮಂಡ್."

"ಆಮೇಲೆ ಕೆಲಸ ಸಿಕ್ತಾ?"

ಒಂದು ಕ್ಷಣ ಸುಮ್ಮನಾದಳು. ಉಸಿರು ಎಳೆದದ್ದು ಕೇಳಿಸಿತು; ಅರ್ಥ ತಿರುಗುವ ಜಾಗದಲ್ಲೇ.

"ಇದೇ ಸರ್."

ನಾನು ಏನೂ ಹೇಳದೆ ಫೋನ್ ಇಟ್ಟೆ ಅಂದುಕೊಳ್ಳಬೇಡಿ. ಊರು ಯಾವುದಮ್ಮಾ ಅಂತ ಕೇಳಿದೆ, ಉತ್ತರ ಕರ್ನಾಟಕದ ಒಂದು ಊರು ಹೇಳಿದಳು. ಅಲ್ಲಿನ ಆಕಾಶವಾಣಿಗೆ ಅರ್ಜಿ ಹಾಕು ಅಂದೆ. ಹಾಕಿದ್ದೀನಿ ಸರ್, ದನಿ ಪರೀಕ್ಷೆ ಯಾವಾಗ ಕರೀತಾರೋ ಅಂದಳು. ಆಮೇಲೆ ಮರ್ಯಾದೆಯಿಂದ ಮತ್ತೆ ಆಫರಿಗೆ ಬಂದಳು. ಅವಳಿಗೂ ದಿನಕ್ಕೆ ಇಷ್ಟು ಕಾಲ್ ಅಂತ ಲೆಕ್ಕ ಇರುತ್ತದಲ್ಲ.

ಬೇಲಿ ಹತ್ತಿರ ಬಂದು ಇದನ್ನೆಲ್ಲ ಟೀಚರಿಗೆ ಒಪ್ಪಿಸಿದೆ. ನಾನು ಅಂದುಕೊಂಡದ್ದು ಅವರು "ಅಯ್ಯೋ ಮೋಸ" ಅನ್ನುತ್ತಾರೆ ಅಂತ. ಅವರು ಮೂವತ್ತೆರಡು ವರ್ಷ ಪಾಠ ಮಾಡಿದವರು, ಬೇರೆಯೇ ಕಡೆಯಿಂದ ಬಂದರು.

"ಅಲ್ಲ ಅಣ್ಣಾ, ಕಲಿಸೋದಕ್ಕೆ ದುಡ್ಡು ತಗೊಳ್ಳೋದು ತಪ್ಪಾ? ನಾನೂ ಸಂಬಳ ತಗೊಂಡೇ ಅಲ್ವಾ 'ಅ ಆ ಇ ಈ' ಹೇಳಿಕೊಟ್ಟಿದ್ದು?"

ತಪ್ಪಲ್ಲ. ಅದನ್ನೇ ನಾನೂ ಯೋಚಿಸುತ್ತಿದ್ದೆ. ಹಾಗೆ ನೋಡಿದರೆ ನಮ್ಮ ನಾಡಿನಲ್ಲಿ ಈ ದನಿಯ ವ್ಯವಹಾರ ಶುರು ಮಾಡಿದ್ದೇ ಒಬ್ಬ ಮೇಷ್ಟ್ರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ರೇಡಿಯೋ ಹಚ್ಚಿದರು. ಅದಕ್ಕೆ 'ಆಕಾಶವಾಣಿ' ಅನ್ನುವ ಹೆಸರು ಅಂಟಿದ್ದರ ಹಿಂದೆ ಹಾಸ್ಯದ ನಾ. ಕಸ್ತೂರಿಯವರಿದ್ದಾರೆ, ಇಡೀ ದೇಶದ ರೇಡಿಯೋ ಆಮೇಲೆ ಅದೇ ಹೆಸರು ಹೊತ್ತುಕೊಂಡಿತು. ಆಗ ಮೇಷ್ಟ್ರು ಕೈಯಿಂದ ಖರ್ಚು ಮಾಡಿ ದನಿಯ ಕಡೆ ಹೋದರು. ಈಗ ದನಿಯವರು ಕೈಗೆ ನಾಲ್ಕು ಕಾಸು ಬರಲೆಂದು ಮೇಷ್ಟ್ರ ಕಡೆ ಬರುತ್ತಿದ್ದಾರೆ.

"ಬೆಂಗಳೂರು ಆಕಾಶವಾಣಿಯ ಈರಣ್ಣ ನೆನಪಿದ್ದಾರಾ ಟೀಚರ್?"

"ಎ.ಎಸ್. ಮೂರ್ತಿ! ನಮ್ಮಪ್ಪ ಬಿಡದೆ ಕೇಳೋರು."

ಈರಣ್ಣನೆಂದೇ ಹೆಸರಾದ ಆ ಮೂರ್ತಿಯವರೇ ಬೆಂಗಳೂರಿನಲ್ಲಿ 'ಅಭಿನಯ ತರಂಗ' ಅಂತ ಭಾನುವಾರದ ನಾಟಕ ಶಾಲೆ ಕಟ್ಟಿದರು. ವಾರವೆಲ್ಲ ಬ್ಯಾಂಕು, ಕಚೇರಿ, ಕಾರ್ಖಾನೆ ಅಂತ ಇದ್ದವರು ಭಾನುವಾರ ಬಂದು ಮಾತು, ನಡೆ, ನಿಲುವು ಕಲಿತರು. ಅಲ್ಲಿಂದ ಹೊರಟವರು ಆಮೇಲೆ ರಂಗಭೂಮಿಯಲ್ಲಿ, ಕಿರುತೆರೆಯಲ್ಲಿ, ಸಿನಿಮಾದಲ್ಲಿ ಕಾಣಿಸಿಕೊಂಡರು. ದನಿಯಿಂದ ಮೇಷ್ಟ್ರಾದವರು ಅಂದರೆ ನನಗೆ ಮೊದಲು ನೆನಪಾಗುವುದೇ ಅವರು. ಭಾನುವಾರಕ್ಕೆ ಬಂದವನು ಸೋಮವಾರ ಕೆಲಸ ಬಿಡಬೇಕಿರಲಿಲ್ಲ ಅನ್ನುವುದು ಆ ಶಾಲೆಯಲ್ಲಿ ನನಗೆ ತುಂಬ ಹಿಡಿಸುವ ಸಂಗತಿ.

ಅಮೆರಿಕದಲ್ಲೂ ಒಬ್ಬರಿದ್ದರು, ಡಾಸ್ ಬಟ್ಲರ್ ಅಂತ. ಯೋಗಿ ಬೇರ್ ಕರಡಿಯ ದನಿ ಅವರದೇ. ಓಹಾಯೋದ ಒಬ್ಬಳು ಹುಡುಗಿ ಅವರಿಗೆ ಫೋನ್ ಮಾಡಿದಳು. ಅವರು ಸ್ಕ್ರಿಪ್ಟ್ ಕಳಿಸಿದರು, ಅವಳು ಓದಿ ಕ್ಯಾಸೆಟ್ ಕಳಿಸಿದಳು, ಅವರು ತಿದ್ದಿದರು. ಆಮೇಲೆ ಅವಳು ಲಾಸ್ ಏಂಜಲೀಸಿಗೇ ಬಂದು ಭಾನುವಾರ ಭಾನುವಾರ ಬಸ್ಸಿನಲ್ಲಿ ಅವರ ಮನೆಗೆ ಹೋಗುತ್ತಿದ್ದಳು. ಒಂದು ಗಂಟೆಯ ಪಾಠ ನಾಲ್ಕು ಗಂಟೆ ನಡೆಯುತ್ತಿತ್ತಂತೆ. ಆ ನ್ಯಾನ್ಸಿ ಕಾರ್ಟ್‌ರೈಟ್ ಮುಂದೆ ಬಾರ್ಟ್ ಸಿಂಪ್ಸನ್ ಅನ್ನುವ ತುಂಟ ಹುಡುಗನ ದನಿಯಾದಳು. ತಮಾಷೆ ಅಂದರೆ, ಈಗ ಅವಳೂ ಆನ್‌ಲೈನ್ ಕೋರ್ಸಿನಲ್ಲಿ ಮೇಷ್ಟ್ರು. ಆದರೆ ಅವಳು ಮೂರು ದಶಕ ಮೀರಿ ಆ ಹುಡುಗನಿಗೆ ಬಾಯಿಯಾಗಿದ್ದವಳು; ಅವಳ ಮಾತನ್ನು ಕೂತು ಕೇಳಬಹುದು.

"ಮತ್ತೆ ನಿಮ್ಮ ತಕರಾರು ಏನು? ದನಿಯವರು ಕಲಿಸೋದು ಸರಿ, ದುಡ್ಡು ತಗೊಳ್ಳೋದೂ ಸರಿ..."

"ಉಸಿರು ಎಲ್ಲಿ ಎಳೀಬೇಕು ಅಂತ ಹೇಳಿಕೊಟ್ಟು ದುಡ್ಡು ತಗೊಳ್ಳಲಿ ಟೀಚರ್. ತಿಂಗಳಿಗೆ ಲಕ್ಷ ಬರತ್ತೆ ಅನ್ನೋದಕ್ಕೆ ತಗೋಬಾರದು. ಅದು ಅವರ ಹತ್ರಾನೇ ಇಲ್ಲ, ಹೇಗೆ ಮಾರ್ತಾರೆ?"

ಟೀಚರ್ ನಕ್ಕರು. ನಾನು ಬಿಡದೆ ಮುಂದುವರಿಸಿದೆ. ನಮ್ಮೂರಿನವರೇ ಆದ ಆರ್. ಗುಂಡೂರಾಯರು ಇಲ್ಲಿನ ಪುರಸಭೆ ಅಧ್ಯಕ್ಷಗಿರಿಯಿಂದ ಶುರು ಮಾಡಿ 1980ರಲ್ಲಿ ಮುಖ್ಯಮಂತ್ರಿಯಾದರು. ಕುಶಾಲನಗರದಿಂದ ವಿಧಾನಸೌಧಕ್ಕೆ ಮೂರು ದಿನದಲ್ಲಿ ಹೋಗುವುದು ಹೇಗೆ ಅಂತ ಅವರೇನಾದರೂ ಕೋರ್ಸ್ ಮಾರಿದರೇ? ಮಾರಿದ್ದರೆ ನಮ್ಮ ಬೀದಿಯಲ್ಲೇ ನಾಲ್ಕು ಜನ ಕೊಳ್ಳುತ್ತಿದ್ದರು, ಅದು ಬೇರೆ ಮಾತು.

ಅಷ್ಟರಲ್ಲಿ ರಸ್ತೆಯಲ್ಲಿ ಬಟ್ಟೆ ಅಂಗಡಿಯ ಆಫರ್ ಸಾರುವ ಆಟೋ ಬಂತು. ಮೊದಲು ಆ ಆಟೋದ ಡ್ರೈವರೇ ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಮೈಕ್ ಹಿಡಿದು "ಬನ್ನಿ ತಾಯಂದಿರೇ, ಬನ್ನಿ ಅಕ್ಕಂದಿರೇ" ಅಂತ ಕೂಗುತ್ತಿದ್ದ. ಗಣಪತಿ ತೇರಿನ ದಿನ ಕಳೆದುಹೋದ ಮಕ್ಕಳ ಹೆಸರು ಕೂಗಿದ್ದೂ ಅವನೇ. ಈಗ ಕಂಪ್ಯೂಟರಿನ ಹೆಣ್ಣು ದನಿ. ತಪ್ಪಿಲ್ಲದೆ, ಜೀವವಿಲ್ಲದೆ, "ಬನ್ನಿ ತಾಯಂದಿರೇ" ಅನ್ನುವುದನ್ನೂ ರೈಲಿನ ಸಮಯ ಹೇಳಿದ ಹಾಗೆ ಹೇಳುತ್ತದೆ. ಡ್ರೈವರ್ ನಮ್ಮನ್ನು ನೋಡಿ ಕೈ ಎತ್ತಿದ, ಮಾತಾಡಲಿಲ್ಲ. ಅವನು ಮಾತಾಡಿದ್ದರೂ ಕೇಳುತ್ತಿರಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಸಿಸ್ಪಿನ್' ಅನ್ನುವ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ ಗಂಡು, ಹೆಣ್ಣು ದನಿಗಳನ್ನು ಗಂಟೆಗಟ್ಟಲೆ ರೆಕಾರ್ಡ್ ಮಾಡಿ ಯಂತ್ರಕ್ಕೆ ಮಾತು ಕಲಿಸುತ್ತಿದ್ದಾರೆ. ಕಣ್ಣು ಕಾಣದವರಿಗೆ, ಓದು ಬಾರದ ರೈತರಿಗೆ ಅದು ಬೇಕೇಬೇಕು, ನನ್ನ ತಕರಾರಿಲ್ಲ. ಆದರೆ ಆಟೋ, ಬಸ್‌ಸ್ಟ್ಯಾಂಡು, ಗೊಬ್ಬರದ ಜಾಹೀರಾತು, ಅಂದರೆ ಹೊಸಬರು ಹತ್ತುವ ಮೊದಲ ಮೆಟ್ಟಿಲುಗಳೇನಿದ್ದವೋ ಅವನ್ನೇ ಯಂತ್ರ ಮೊದಲು ತಗೊಂಡದ್ದು. ಅಮೆರಿಕದ ವಿಡಿಯೋ ಗೇಮ್ ದನಿಯವರು ಇದೇ ಭಯಕ್ಕೆ 2024ರ ಜುಲೈಯಿಂದ ಸುಮಾರು ಒಂದು ವರ್ಷ ಮುಷ್ಕರ ಹೂಡಿದರು. ನಮ್ಮ ಆಟೋ ಡ್ರೈವರಿಗೆ ಯಾವ ಸಂಘವೂ ಇಲ್ಲ. ಆ ವೆಬಿನಾರಿನವರು ಎರಡು ಗಂಟೆಯಲ್ಲಿ ಈ ಯಂತ್ರದ ಸುದ್ದಿ ಎತ್ತಿದ್ದು ಒಂದೇ ಸಲ: ಅದನ್ನು ಬಳಸಿ ದುಡಿಯುವುದು ಹೇಗೆ ಅನ್ನುವ ಇನ್ನೊಂದು ಕೋರ್ಸ್ ಬರುತ್ತಿದೆ ಅಂತ.

ಇಷ್ಟೆಲ್ಲ ದೊಡ್ಡ ಮಾತಾಡಿದ ನಾನು ಆಮೇಲೆ ಮಾಡಿದ್ದು ಕೇಳಿ. ಟೀಚರ್ ಒಂದು ಮಾತು ಬಿಟ್ಟರು. "ಅಣ್ಣಾ, ಅಲ್ಲಿ ಕಟ್ಟೋ ಬದಲು ನೀವೇ ಯಾಕೆ ಕಲಿಸಬಾರದು? ಬೇಸಿಗೆ ಶಿಬಿರ ಮಾಡಿ. ನಮ್ಮ ಹಾಲ್ ಕೊಡ್ತೀನಿ."

ಆ ರಾತ್ರಿ ನಿದ್ದೆ ಬರಲಿಲ್ಲ. ಇಪ್ಪತ್ತು ಮಕ್ಕಳು, ತಲೆಗೆ ಸಾವಿರದ ಐನೂರು, ಮೂವತ್ತು ಸಾವಿರ. ಹತ್ತು ದಿನಕ್ಕೆ! ಹದಿನೈದು ವರ್ಷ ಮೈಕಿನ ಮುಂದೆ ಕೂತು ಇಷ್ಟು ದುಡ್ಡು ಒಟ್ಟಿಗೆ ಕಂಡಿರಲಿಲ್ಲ. ಬೆಳಗ್ಗೆ ಎದ್ದು ಬೋರ್ಡ್ ಬರೆಯುವವನಿಗೆ ಫೋನ್ ಮಾಡಿ ಚದರಡಿಗೆ ಎಷ್ಟು ಅಂತ ವಿಚಾರಿಸಿದೆ. ಬೋರ್ಡಿನ ಮೇಲೆ ಏನು ಬರೆಯಬೇಕು ಅಂತ ಕೇಳಿದ. "ಹದಿನೈದು ವರ್ಷದ ಅನುಭವಿ ಉದ್ಘೋಷಕರಿಂದ..." ಅಂತ ಬಾಯಿಬಿಟ್ಟವನು ಅಲ್ಲೇ ನಿಲ್ಲಿಸಿದೆ. ಹಕ್ಕಿ ಧಾರಣೆ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ, ಆ ಹೆಡ್‌ಫೋನಿನವರ ಮುಖ ನೆನಪಾಯಿತು. ಅವರೂ ಒಂದು ದಿನ ಹೀಗೇ ಲೆಕ್ಕ ಹಾಕಿರುತ್ತಾರೆ, ಮಕ್ಕಳ ಫೀಸು ಎದುರಿಗಿಟ್ಟುಕೊಂಡು. ಬೋರ್ಡ್ ಸದ್ಯಕ್ಕೆ ಬೇಡಪ್ಪ ಅಂದೆ. ಸದ್ಯಕ್ಕೆ ಅಂದದ್ದನ್ನು ಗಮನಿಸಿ.

ಟೀಚರ್ ಮಗಳನ್ನು ಮಾತ್ರ ಕರೆದು ಕೂರಿಸಿಕೊಂಡೆ. ಸಂಜೆ ಡ್ಯೂಟಿ ಮುಗಿಸಿ ಬಂದವಳು ಬೇಲಿಯ ಆ ಕಡೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪೇಪರ್ ಓದುವುದು, ಈ ಕಡೆಯಿಂದ ನಾನು ತಿದ್ದುವುದು. ನಾನು ಬಿಟ್ಟ ಕಡೆ ಟೀಚರ್ ವ್ಯಾಕರಣ ಹಿಡಿದರು. ತೊಂಬತ್ತೊಂಬತ್ತು ರೂಪಾಯಿಗೆ ನಾನು ಕಲಿತ ಉಸಿರಿನ ಪಾಠವನ್ನೂ ಹೇಳಿಕೊಟ್ಟೆ, ಯಾರು ಹೇಳಿದ್ದು ಅನ್ನುವುದನ್ನೂ ಹೇಳಿದೆ. ಆ ಮನುಷ್ಯನಿಗೆ ಸಲ್ಲಬೇಕಾದ್ದು ಸಲ್ಲಬೇಕು. ರೆಸಾರ್ಟ್ ಕೆಲಸ ಬಿಡಬೇಡ ಅಂತ ಕಟ್ಟುನಿಟ್ಟಾಗಿ ಹೇಳಿದ್ದೇನೆ.

ದಸರಾ ಹತ್ತಿರ ಬಂದಾಗ ಮಡಿಕೇರಿಯ ಒಂದು ಮಂಟಪದ ಸಮಿತಿಯ ಹುಡುಗರು ನನ್ನನ್ನು ಹುಡುಕಿಕೊಂಡು ಬಂದರು. ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ: ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ಹತ್ತು ದೇವಸ್ಥಾನಗಳ ಹತ್ತು ಮಂಟಪಗಳು ಹೊರಡುತ್ತವೆ. ಟ್ರ್ಯಾಕ್ಟರ್ ಮೇಲೆ ಆಳೆತ್ತರದ ಮೂರ್ತಿಗಳು ಕೈಕಾಲು ಆಡಿಸುತ್ತವೆ, ರಾಕ್ಷಸನ ತಲೆ ಉರುಳುತ್ತದೆ, ಬೆಳಕು, ಹೊಗೆ, ಗುಡುಗು, ಬೆಳಗಿನವರೆಗೆ. ಮೂರ್ತಿಗಳಿಗೆ ಮಾತು ಬೇಡವೇ? ಮೊದಲೇ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಾರೆ. ನನಗೆ ರಾಕ್ಷಸನ ಪಾತ್ರ ಕೇಳಲು ಬಂದಿದ್ದರು. ದೇವಿಗೆ ಯಾರೂ ಸಿಕ್ಕಿಲ್ಲ, ಕಂಪ್ಯೂಟರ್ ದನಿ ಹಾಕೋಣ ಅಂತಿದ್ದೇವೆ ಅಂದರು. ನಾನು ಬೇಲಿ ಕಡೆ ಕೈ ತೋರಿಸಿದೆ.

ಆ ರಾತ್ರಿ ಚಳಿಯಲ್ಲಿ ಟೀಚರೂ ನಾನೂ ಕೊಹಿನೂರು ರಸ್ತೆಯ ಬದಿಯಲ್ಲಿ ನಿಂತಿದ್ದೆವು. ದೇವಿ ಹನ್ನೊಂದು ಮಾತು ಆಡಿದಳು. ಡೋಲಿನ ಅಬ್ಬರದಲ್ಲಿ ಏಳು ಕೇಳಿಸಲಿಲ್ಲ. ಕೇಳಿಸಿದ ನಾಲ್ಕರಲ್ಲಿ ಹಕಾರ ಸರಿಯಾಗಿತ್ತು.

ಸಂಭಾವನೆ ಐನೂರು ರೂಪಾಯಿ ಮತ್ತು ಒಂದು ಶಾಲು. ಒಗೆದರೆ ಬಣ್ಣ ಬಿಡುತ್ತಿದೆ ಅಂತ ಟೀಚರ್ ಗೊಣಗುತ್ತಿದ್ದರು. ಈಗ ದಾಸವಾಳದ ಬೇಲಿ ಮೇಲೆ ಒಣಗುತ್ತಿದೆ, ಅರ್ಧ ನಮ್ಮ ಕಡೆ, ಅರ್ಧ ಅವರ ಕಡೆ.